ಕುರ್ಚಿಯ ಹಿಂದೆ ನಿಂತವನು

ನಿಮಗೆ ಕುರ್ಚಿಯ ಹಿಂದೆ ನಿಲ್ಲುವ ಅಭ್ಯಾಸ ಇದೆಯೇ? ಇರಲೇಬೇಕು. ಬೆಂಗಳೂರಿನಲ್ಲಿದ್ದು, ರಜದ ದಿನ ಬೆಳಿಗ್ಗೆ ದೋಸೆ ತಿನ್ನುವ ಆಸೆಯೂ ಇದ್ದು, ಇನ್ನೊಬ್ಬರ ಕುರ್ಚಿಯ ಹಿಂದೆ ನಿಲ್ಲದವರನ್ನು ನಾನಂತೂ ನೋಡಿಲ್ಲ. ಹಳೆಯ ಹೋಟೆಲುಗಳಲ್ಲಿ ಟೋಕನ್ ಇಲ್ಲ, ಹೆಸರು ಬರೆದುಕೊಳ್ಳುವವರಿಲ್ಲ. ಯಾರ ತಿಂಡಿ ಮುಗಿಯುತ್ತ ಬಂದಿದೆಯೋ ಅವರ ಬೆನ್ನ ಹಿಂದೆ ಹೋಗಿ ನಿಂತುಬಿಟ್ಟರೆ ಆಯಿತು, ಆ ಕುರ್ಚಿ ನಿಮ್ಮದು. ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೂ ಎಂಥ ಜಗಳಗಂಟನೂ ಅದನ್ನು ಮೀರುವುದಿಲ್ಲ.

ಈ ವಿದ್ಯೆಯಲ್ಲಿ ನಾನು ಪಂಡಿತ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬೇರೆ ಯಾವ ವಿದ್ಯೆಯಲ್ಲೂ ಪಂಡಿತ ಎನಿಸಿಕೊಳ್ಳುವ ಅವಕಾಶ ಸಿಗಲಿಲ್ಲ. ಪೇಪರ್ ಮಡಚಿ ಪಕ್ಕದಲ್ಲಿಟ್ಟುಕೊಂಡಿರುವ ನಿವೃತ್ತರ ಹಿಂದೆ ನಿಲ್ಲಬಾರದು, ಅವರು ಕಾಫಿಯನ್ನು ಅರ್ಧ ಗಂಟೆ ಕುಡಿಯುತ್ತಾರೆ. ಹೊಸದಾಗಿ ಮದುವೆಯಾದವರ ಹಿಂದೆಯೂ ಬೇಡ. ಆಫೀಸಿನ ಗುರುತಿನ ಚೀಟಿ ಕತ್ತಿಗೆ ನೇತುಹಾಕಿಕೊಂಡವನು ಸಿಕ್ಕರೆ ಬಿಡಬಾರದು, ಅವನು ತಟ್ಟೆ ನೋಡದೆಯೇ ತಿಂದು ಎದ್ದು ಹೋಗುತ್ತಾನೆ. ನಿಂತ ಮೇಲೆ ಸುಮ್ಮನೆ ನಿಲ್ಲಬಾರದು. ಸಣ್ಣಗೆ ಕೆಮ್ಮಬೇಕು. ಕುರ್ಚಿಯ ಬೆನ್ನಿನ ಮೇಲೆ ಕೈ ಇಡಬೇಕು. ಜೊತೆಯಲ್ಲಿದ್ದವರೊಡನೆ, ಕೂತವರಿಗೆ ಕೇಳುವಷ್ಟು ಜೋರಾಗಿ, ಎಷ್ಟು ಹೊತ್ತಾಯಿತು ಎಂದು ಮಾತಾಡಬೇಕು.

ಹೋದ ದಸರಾ ರಜದ ನಂತರ ನಾನು ಯಾರ ಕುರ್ಚಿಯ ಹಿಂದೆಯೂ ನಿಂತಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಈಗ ಕೂತಿದ್ದೇನೆ. ನೇರವಾಗಿ ಹೇಳಲು ಧೈರ್ಯ ಸಾಲುತ್ತಿಲ್ಲ. ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ಈ ವಿದ್ಯೆ ಕಲಿಸಿದವಳು ನಮ್ಮಕ್ಕ, ಪದ್ಮಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ನಾವು ಆಗ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಎರಡು ರಸ್ತೆ ದಾಟಿದರೆ ಮದುವೆಯ ಛತ್ರ. ಲಗ್ನದ ತಿಂಗಳುಗಳಲ್ಲಿ ವಠಾರದ ಯಾರಿಗಾದರೊಬ್ಬರಿಗೆ ಅಲ್ಲಿಗೆ ಕರೆ ಇರುತ್ತಿತ್ತು, ಅವರ ಬಾಲದ ಹಾಗೆ ನಾವು. ಮೊದಲ ಪಂಕ್ತಿಯಲ್ಲಿ ನಮ್ಮಂಥವರಿಗೆ ಜಾಗವಿಲ್ಲ. ಕೂತವರ ಹಿಂದೆ ಗೋಡೆಗೆ ಆತುಕೊಂಡು ನಿಂತು, ಯಾರ ಎಲೆಯಲ್ಲಿ ಮಜ್ಜಿಗೆ ಅನ್ನ ಬಿದ್ದಿತೋ ಅವರ ಬೆನ್ನಿಗೆ ಅಕ್ಕ ನನ್ನನ್ನು ನೂಕುತ್ತಿದ್ದಳು. ಅವರು ಎದ್ದು, ಛತ್ರದವರು ಎಲೆ ತೆಗೆದು ನೆಲ ಒರೆಸಿದ ತಕ್ಷಣ ಅಕ್ಕ ಹೋಗಿ ಕೂತು, ತನ್ನ ಹಸಿರು ಲಂಗವನ್ನು ಪಕ್ಕದ ಜಾಗದ ಮೇಲೂ ಹರಡಿಬಿಡುತ್ತಿದ್ದಳು. ಯಾರಾದರೂ ಹೆಂಗಸು ಬಂದು, "ಸ್ವಲ್ಪ ಸರ್ಕೊಳೇ ಹುಡುಗಿ" ಅಂದರೆ, "ನಮ್ ಶೀನ ಬರ್ತಾನೆ, ಕೈ ತೊಳೆಯೋಕೆ ಹೋಗಿದಾನೆ" ಅನ್ನುವಳು. ಲಂಗ ಎಳೆದುಕೊಳ್ಳುತ್ತಿರಲಿಲ್ಲ. ನಾನು ಬಂದು ಆ ಲಂಗದ ಮೇಲೇ ಕೂರುತ್ತಿದ್ದೆ.

ಕೂತ ಮೇಲೆ ಇನ್ನೊಂದು ಕೆಲಸ. ನನಗೆ ಬದನೆಕಾಯಿ ಆಗದು. ಒಂದು ಹೋಳು ಹೊಟ್ಟೆಗೆ ಹೋದರೂ ಮೈಮೇಲೆ ಅಂಗೈ ಅಗಲದ ದದ್ದು ಏಳುತ್ತವೆ, ತುಟಿ ಊದಿಕೊಳ್ಳುತ್ತದೆ. ಮದುವೆ ಮನೆಯ ಹುಳಿಯಲ್ಲಿ ಬದನೆಕಾಯಿ ಇಲ್ಲದಿರುವುದುಂಟೇ? ಅಕ್ಕ ನನ್ನ ಎಲೆಯ ಹುಳಿಯನ್ನು ಬೆರಳಿನಿಂದ ಕಲಕಿ, ಹೋಳುಗಳನ್ನೆಲ್ಲ ಹೆಕ್ಕಿ ತನ್ನ ಎಲೆಗೆ ಹಾಕಿಕೊಂಡು, ಆಮೇಲೆ "ಹೂಂ, ತಿನ್ನು" ಅನ್ನುತ್ತಿದ್ದಳು. ಅವಳ ಪಾಲಿನ ಸಿಹಿ ತಣ್ಣಗಾಗುವವರೆಗೂ ಈ ಹೆಕ್ಕುವ ಕೆಲಸವೇ ನಡೆಯುತ್ತಿತ್ತು.

ಗಾಂಧಿ ಬಜಾರಿನ ಆ ಹಳೆಯ ಹೋಟೆಲೂ ಆ ಕಾಲದ್ದೇ. ಹೆಸರು ಹೇಳುವುದಿಲ್ಲ, ನಿಮ್ಮ ಮನಸ್ಸಿಗೆ ಬಂದದ್ದೇ ಅಂದುಕೊಳ್ಳಿ. ಅದರ ಪಕ್ಕದ ಸಂದಿಯಲ್ಲಿ ಅಡುಗೆಮನೆಯ ಗೋಡೆ. ದೋಸೆಯ ಕಾವಲಿ ಆ ಗೋಡೆಗೆ ಒತ್ತಿಕೊಂಡಿತ್ತೋ ಏನೋ, ಚಳಿಗಾಲದಲ್ಲೂ ಗೋಡೆ ಬೆಚ್ಚಗಿರುತ್ತಿತ್ತು. ಬಟ್ಟೆ ಹೊಲಿಗೆಗೆ ಕೊಡಲು ಅಮ್ಮ ನಮ್ಮನ್ನು ಆ ಕಡೆ ಕಳಿಸಿದಾಗ, ನಾವಿಬ್ಬರೂ ಆ ಗೋಡೆಗೆ ಬೆನ್ನು ಕೊಟ್ಟು ತುಪ್ಪದ ವಾಸನೆ ಕುಡಿಯುತ್ತ ನಿಲ್ಲುತ್ತಿದ್ದೆವು. ಒಳಗೆ ಹೋಗುವ ಯೋಚನೆಯೂ ಬರುತ್ತಿರಲಿಲ್ಲ. ಒಂದು ಸಲ ನಾನು ಅಂದೆನಂತೆ, "ದೊಡ್ಡೋನಾದ್ಮೇಲೆ ನಿನ್ನ ಒಳಗಡೆ ಕೂರ್ಸಿ ದೋಸೆ ಕೊಡಿಸ್ತೀನಿ ಅಕ್ಕ." ನನಗೆ ನೆನಪಿಲ್ಲ. ಅಕ್ಕನಿಗೆ ಇದೆ. ಅವಳು ಮದುವೆಯಾಗಿ ಗೌರಿಬಿದನೂರಿಗೆ ಹೋದ ಮೇಲೂ ಸಿಕ್ಕಾಗೆಲ್ಲ, "ಎಲ್ಲೋ ನನ್ ದೋಸೆ?" ಎಂದು ಕಾಡುತ್ತಿದ್ದಳು. ನಾನು ದೊಡ್ಡವನಾದೆ. ಅದೇ ಹೋಟೆಲಿನಿಂದ ಕೂಗಳತೆಯಲ್ಲಿ ಅಂಗಡಿ ಇಟ್ಟೆ. ಅಲ್ಲಿ ಎಷ್ಟು ದೋಸೆ ತಿಂದೆನೋ ಲೆಕ್ಕವಿಲ್ಲ. ಅಕ್ಕನನ್ನು ಕರೆದುಕೊಂಡು ಹೋಗುವುದು ಮಾತ್ರ ಮುಂದಿನ ಸಲಕ್ಕೆ, ಮುಂದಿನ ಸಲಕ್ಕೆ ಎಂದು ಉಳಿದೇ ಹೋಯಿತು.

ನನ್ನ ಅಂಗಡಿಯ ಬಗ್ಗೆ ಹೇಳಲಿಲ್ಲ ಅಲ್ಲವೇ? ಬ್ಯಾಗು, ಸೂಟ್‌ಕೇಸುಗಳ ಜಿಪ್ ರಿಪೇರಿ. ಜಿಪ್ಪನ್ನು ಎಳೆಯುವ ರನ್ನರ್ ಕಿತ್ತು ಬಂದಿದ್ದರೆ ಹೊಸದು ಹಾಕುತ್ತೇನೆ, ಹಿಡಿಕೆ ಹರಿದಿದ್ದರೆ ಹೊಲಿಯುತ್ತೇನೆ. ಈ ಕಸುಬಿನವರಿಗೆ ಒಂದು ಚಟ ಇದೆ. ಮನುಷ್ಯರ ಮುಖ ನೋಡುವುದಕ್ಕೆ ಮೊದಲು ಅವರ ಕೈಯ ಬ್ಯಾಗು ನೋಡುತ್ತೇವೆ. ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಹೆಸರು ಮರೆತಿರುತ್ತೇನೆ, ಬ್ಯಾಗು ನೆನಪಿರುತ್ತದೆ. ಈ ಹೆಮ್ಮೆಯೂ ಹೋದ ದಸರೆಗೇ ಮುಗಿಯಿತು.

ದಸರೆಗೆ ಹತ್ತು ದಿನ ಮುಂಚೆ ಅಕ್ಕ ಫೋನ್ ಮಾಡಿದಳು.

"ಶೀನಾ, ರಜಾ ಅಲ್ವೇನೋ, ಎರಡು ದಿನ ಬರ್ಲಾ? ಇಲ್ಲಿ ಡಾಕ್ಟ್ರು ಬೆಂಗಳೂರಲ್ಲಿ ಕಣ್ಣು ತೋರಿಸ್ಕೊಳ್ಳಿ ಅಂದಿದಾರೆ. ಹಂಗೇ ನನ್ ದೋಸೇನೂ ತಿಂದ್ಬಿಡ್ತೀನಿ."

ಅದೇ ದಿನಗಳಲ್ಲಿ ನನ್ನ ಹೆಂಡತಿ ಸರಳಳ ತಮ್ಮ ಗಿರೀಶ ಶಿವಮೊಗ್ಗದಿಂದ ಹೆಂಡತಿ ಮಕ್ಕಳ ಜೊತೆ ಬರುವವನಿದ್ದ. ಎನ್.ಆರ್. ಕಾಲೋನಿಯಲ್ಲಿ ನಮ್ಮದು ಒಂದೇ ಕೋಣೆ, ಒಂದು ಹಾಲ್. ಗಿರೀಶ ಬ್ಯಾಂಕಿನಲ್ಲಿ ಮ್ಯಾನೇಜರು, ಸ್ವಂತ ಕಾರಿನಲ್ಲಿ ಬರುತ್ತಾನೆ. ಅವನೆದುರು ನನಗೆ ಯಾವಾಗಲೂ ಒಂದು ಬಗೆಯ ಬಿಗುಮಾನ. ನಮ್ಮ ಮದುವೆಯ ದಿನ ಬಿಟ್ಟರೆ ಅವನು ಅಕ್ಕನನ್ನು ನೋಡಿಯೇ ಇಲ್ಲ. ಅಕ್ಕ ಬಂದರೆ ಹಾಲಿನಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಾಳೆ, ನಾನು ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದ ಕಥೆ ಹೇಳುತ್ತಾಳೆ. ಜಾಗ ಇಲ್ಲ ಅಂದಿದ್ದರೆ ಸಾಕಾಗಿತ್ತು, ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

"ಅಯ್ಯೋ ಅಕ್ಕ, ನಾವು ಹೊರನಾಡಿಗೆ ಹೋಗ್ತಿದೀವಿ. ಮನೆ ಬೀಗ ಹಾಕಿರುತ್ತೆ."

"ಹೌದಾ? ಒಳ್ಳೇದಾಯ್ತು ಹೋಗ್ಬನ್ನಿ. ಅನ್ನಪೂರ್ಣೇಶ್ವರಿ ಕುಂಕುಮ ನನಗೂ ಸ್ವಲ್ಪ ತಗೊಂಡ್ಬಾ."

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡ ಸರಳ ಲಟ್ಟಣಿಗೆ ಹಿಡಿದೇ ಆಚೆ ಬಂದಳು. "ಯಾಕ್ರೀ ಸುಳ್ಳು ಹೇಳಿದ್ರಿ? ಅತ್ತಿಗೆ ಬಂದ್ರೆ ನನ್ ಜೊತೆ ಮಲಗ್ತಿದ್ರು. ಈಗ್ಲೇ ಫೋನ್ ಮಾಡಿ ನಿಜ ಹೇಳ್ಬಿಡಿ." ನಾನು, "ರಜಾ ಮುಗೀಲಿ, ನಾನೇ ಕರ್ಕೊಂಡ್ಬಂದು ಕಣ್ಣು ತೋರಿಸ್ತೀನಿ" ಅಂದೆ. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಗಿರೀಶನ ಸಂಸಾರ ಬಂತು. ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ ಎಲ್ಲರನ್ನೂ ಹೊರಡಿಸಿದೆ. ಹಿಂದಿನ ದಿನ ಊಟದ ಹೊತ್ತಿಗೇ ಜಂಬ ಕೊಚ್ಚಿಕೊಂಡಿದ್ದೆ, "ಬಸವನಗುಡೀಲಿ ಎಲ್ಲಿ ಏನ್ ಚೆನ್ನಾಗಿರುತ್ತೆ ಅಂತ ನನ್ನ ಕೇಳು ಗಿರೀಶ. ಮೂವತ್ತು ವರ್ಷದಿಂದ ಇಲ್ಲೇ ಬಿದ್ದಿದೀನಿ." ರಜದಲ್ಲಿ ಆ ಕಡೆ ನೀವು ಬಂದಿದ್ದೀರಾ? ಬೇರೆ ಊರಿನ ಕಾರುಗಳೆಲ್ಲ ಅಲ್ಲೇ ಇರುತ್ತವೆ. ಬಸವಣ್ಣನಿಗೆ ಕೈಮುಗಿದವರೆಲ್ಲ ಹಸಿದುಕೊಂಡು ಒಂದೇ ರಸ್ತೆಗೆ ಇಳಿಯುತ್ತಾರೆ. ಹೂವಿನವರು, ಬಲೂನಿನವರು, ಫೋಟೋ ತೆಗೆಸಿಕೊಳ್ಳುವವರು, ಅವರ ನಡುವೆ ಹಾರ್ನ್ ಹೊಡೆಯುವ ಆಟೋಗಳು. ಕಾಲಿಡಲು ಜಾಗವಿಲ್ಲ.

ನಾನು ನಂಬಿದ್ದ ಮೊದಲ ಹೋಟೆಲಿನ ಮುಂದೆ ಕ್ಯೂ ಬೀದಿಯ ತಿರುವಿನವರೆಗೂ ಹೋಗಿತ್ತು. ಎರಡನೆಯದು ಇರಲೇ ಇಲ್ಲ. ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಮೂರನೆಯದರಲ್ಲಿ ನಿಂತುಕೊಂಡು ತಿನ್ನಬೇಕು. ಗಿರೀಶನ ಹೆಂಡತಿ ವಿದ್ಯಾ ಮುಖ ಸಣ್ಣಗೆ ಮಾಡಿದಳು. ಗಿರೀಶ ಜೇಬಿನಿಂದ ಫೋನ್ ತೆಗೆದ.

"ಭಾವ, ಇಲ್ಲೇ ಹತ್ತಿರ ಒಂದಿದೆ, ನಾಲ್ಕೂವರೆ ಸ್ಟಾರ್."

"ಸ್ಟಾರ್ ನೋಡ್ಕೊಂಡು ತಿನ್ನೋಕಾಗಲ್ಲ ಕಣಯ್ಯ. ಬಾ ನನ್ ಜೊತೆ."

"ಮೂರು ಹೋಟೆಲ್ ಆಯ್ತು ಭಾವ. ಮಕ್ಕಳು ಹಸಿವು ಅಂತಿದಾರೆ. ನೀವು ಇಲ್ಲೇ ಮೂವತ್ತು ವರ್ಷ ಇದೀರಿ ಅಂದ್ರಲ್ಲ, ಅದಕ್ಕೆ ಕೇಳ್ದೆ."

ಮುಳ್ಳು ಚುಚ್ಚಿದ ಹಾಗಾಯಿತು. ಇನ್ನು ಉಳಿದದ್ದು ಅದೇ ಹಳೆಯ ಹೋಟೆಲು. ಅವನ ನಾಲ್ಕೂವರೆ ಸ್ಟಾರಿನದೂ ಅದೇ ಎಂದು ಬಾಗಿಲಿಗೆ ಹೋದ ಮೇಲೆ ಗೊತ್ತಾಯಿತು. ಒಳಗೆ ಸಂತೆ. ನಾವು ಆರು ಜನ, ಒಂದು ಮೇಜಿಗೆ ನಾಲ್ಕು ಕುರ್ಚಿ. ನಾನು ಸೇನಾಪತಿಯ ಹಾಗೆ ಎಲ್ಲರನ್ನೂ ಒಬ್ಬೊಬ್ಬರ ಬೆನ್ನಿಗೆ ನಿಲ್ಲಿಸಿದೆ. ಸರಳ ಮತ್ತು ಮಕ್ಕಳಿಗೆ ಒಳಗಿನ ಕೋಣೆಯ ಮೇಜು, ಬೇಗ ಸಿಕ್ಕಿಬಿಟ್ಟಿತು. ಗಿರೀಶ, ವಿದ್ಯಾ, ನಾನು ಮೂಲೆಯ ಮೇಜಿಗೆ. ಅಲ್ಲಿ ಎರಡು ಕುರ್ಚಿ ಖಾಲಿಯಾಗಿ ಅವರಿಬ್ಬರೂ ಕೂತರು. ಮೂರನೆಯದರಲ್ಲಿ ಕೂತವನಿಗೆ ಇನ್ನೂ ತಿಂಡಿಯೇ ಬಂದಿರಲಿಲ್ಲ. ಉಳಿದದ್ದು ಗೋಡೆಗೆ ಮುಖ ಮಾಡಿದ್ದ ಕುರ್ಚಿ, ಅದರಲ್ಲಿ ಒಬ್ಬ ಹೆಂಗಸು.

ತಲೆಯ ಮೇಲೆ ಸೆರಗು, ಕಣ್ಣಿಗೆ ಕಪ್ಪು ಕನ್ನಡಕ. ಹಿಂದಿನಿಂದ ನನಗೆ ಕಂಡದ್ದು ಅಷ್ಟೇ. ಅವರು ದೋಸೆ ತಿನ್ನುತ್ತಿದ್ದ ರೀತಿ ನೋಡಿ ನನ್ನ ಎದೆ ಕುಸಿಯಿತು. ಒಂದು ಸಣ್ಣ ಚೂರು ಮುರಿಯುವುದು, ಬೆರಳಿನಿಂದ ತಟ್ಟೆಯನ್ನು ತಡವಿ ಚಟ್ನಿ ಎಲ್ಲಿದೆ ಎಂದು ನೋಡುವುದು, ಅದ್ದುವುದು, ಬಾಯಲ್ಲಿಟ್ಟುಕೊಂಡು ಅಗಿಯುವುದು, ಸುಮ್ಮನಾಗುವುದು. ಮತ್ತೆ ಇನ್ನೊಂದು ಚೂರು. ನನ್ನ ಪಾಂಡಿತ್ಯಕ್ಕೆ ಇಂಥ ಗಿರಾಕಿ ಎಂದೂ ಸಿಕ್ಕಿರಲಿಲ್ಲ.

ಕೆಮ್ಮಿದೆ. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟೆ. ಕುರ್ಚಿಯ ಪಕ್ಕ ಒಂದು ಹಳೆಯ ರೆಕ್ಸಿನ್ ಬ್ಯಾಗು, ನನಗೆ ನಿಲ್ಲಲು ಅಡ್ಡ. ಅದನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ. ತಳ್ಳುವಾಗಲೂ ಚಟ ಬಿಡಲಿಲ್ಲ, ನೋಡಿದೆ. ಹಿಡಿಕೆಗೆ ಕೆಂಪು ದಾರದಲ್ಲಿ ಎರಡು ಸಾಲು ಹೊಲಿಗೆ. ಕಸುಬು ಬಲ್ಲವನ ಕೆಲಸ, ಗಟ್ಟಿಯಾಗಿ ಹೊಲಿದಿದ್ದಾನೆ ಅಂದುಕೊಂಡೆ.

ಆಮೇಲೆ ಗಿರೀಶನಿಗೆ ಹೇಳುವಂತೆ ಜೋರಾಗಿ ಅಂದೆ, "ಕೆಲವರು ಹೋಟೆಲ್ಗೆ ದೋಸೆ ತಿನ್ನೋಕ್ ಬರ್ತಾರೋ, ದೋಸೆಗೆ ಪೂಜೆ ಮಾಡೋಕ್ ಬರ್ತಾರೋ ಗೊತ್ತಾಗಲ್ಲಪ್ಪ."

ಗಿರೀಶ ನಕ್ಕ. ವಿದ್ಯಾ ಬೇಡ ಎನ್ನುವಂತೆ ಕೈಯಾಡಿಸಿದಳು. ಚೂರು ಹಿಡಿದಿದ್ದ ಆ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತಿತು. ತಿರುಗಿ ನೋಡಿ ಬೈಯುತ್ತಾರೇನೋ ಅಂದುಕೊಂಡೆ. ನೋಡಲಿಲ್ಲ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಉಳಿದ ದೋಸೆಯನ್ನು ದೊಡ್ಡ ದೊಡ್ಡ ತುತ್ತು ಮಾಡಿ ಗಬಗಬನೆ ನುಂಗತೊಡಗಿದರು. ಆಮೇಲೆ ಮುಗಿಸದೆ ಕೈಬಿಟ್ಟರು, ಅರ್ಧ ದೋಸೆ ಹಾಗೇ ಉಳಿಯಿತು. ಸಪ್ಲೈಯರ್ ಬಂದು "ಕಾಫಿ ತರ್ಲಾ ಅಮ್ಮ?" ಅಂದಾಗ ತಲೆಯಾಡಿಸಿ ಬೇಡ ಅಂದರು. ಅವನನ್ನು ಹತ್ತಿರ ಕರೆದು, ಕಿವಿಯ ಬಳಿ ಏನೋ ಹೇಳಿದರು. ಬ್ಯಾಗನ್ನು ಕಾಲಿನಿಂದ ಹುಡುಕಿ ಎತ್ತಿಕೊಂಡು, ಗೋಡೆಯ ಕಡೆಯೇ ಮುಖ ಇಟ್ಟುಕೊಂಡು ಎದ್ದು ಸರಿದುಹೋದರು. ಹೋಗುವಾಗ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದು, ನನಗೆ ಕೂರಲು ಅನುವಾಗುವಂತೆ ತಿರುಗಿಸಿ ಇಟ್ಟರು. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

"ಭಾವ ಜಾಗ ಗೆದ್ದೇಬಿಟ್ರು" ಎಂದ ಗಿರೀಶ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಮೂವರಿಗೂ ಇಡ್ಲಿ ಬಂತು, ಹಿಂದೆಯೇ ದೋಸೆ ಬರುವುದಿತ್ತು. ಅವರಿಬ್ಬರ ಇಡ್ಲಿ ಸಾಂಬಾರಿನಲ್ಲಿ ಮುಳುಗಿತ್ತು. ನನ್ನ ಸಾಂಬಾರು ಮಾತ್ರ ಬೇರೆ ಬಟ್ಟಲಿನಲ್ಲಿ, ತೆಳ್ಳಗೆ.

"ಇದು ನಿಮ್ದು ಸಾರ್. ಬದನೆಕಾಯಿ ತೆಗೆಸಿ ತಂದಿದೀನಿ."

"ಬದನೆಕಾಯಿ ಬೇಡ ಅಂತ ನಾನೆಲ್ಲಿ ಹೇಳ್ದೆ?"

"ಈಗ ಎದ್ದು ಹೋದ್ರಲ್ಲ ಆ ಅಮ್ಮ, ಅವ್ರು ಹೇಳಿದ್ರು. ಈ ಕುರ್ಚೀಲಿ ಕೂರೋನಿಗೆ ಬದನೆಕಾಯಿ ಹಾಕ್ಬೇಡಪ್ಪ, ಮೈಯೆಲ್ಲ ದದ್ದು ಬರುತ್ತೆ ಅಂತ. ನಿಮ್ಮೋರೇ ಅಲ್ವಾ?"

ಬಟ್ಟಲು ನೋಡಿದೆ. ಬದನೆಕಾಯಿಯ ಒಂದು ಬೀಜವೂ ಇರಲಿಲ್ಲ. ಆಮೇಲೆ ಕೆಂಪು ದಾರದ ಹೊಲಿಗೆ ಕಣ್ಣ ಮುಂದೆ ಬಂತು. ಎರಡು ವರ್ಷದ ಹಿಂದೆ ನಾನೇ, ನನ್ನ ಅಂಗಡಿಯಲ್ಲೇ, ಕಪ್ಪು ದಾರ ಮುಗಿದಿತ್ತೆಂದು ಕೆಂಪಿನಲ್ಲಿ ಹಾಕಿದ ಹೊಲಿಗೆ ಅದು. ನಾನು ಅದನ್ನು ಒದ್ದಿದ್ದೆ. ಮೆಚ್ಚಿಕೊಂಡು ಒದ್ದಿದ್ದೆ.

ಕೈ ತೊಳೆದು ಬರುತ್ತೇನೆ ಎಂದು ಎದ್ದು ಆಚೆ ಓಡಿದೆ. ದೂರ ಹುಡುಕಬೇಕಾಗಲಿಲ್ಲ. ರಸ್ತೆಯ ಆಚೆ, ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ತೊಡೆಯ ಮೇಲೆ ಬ್ಯಾಗು. ಬಿಸಿಲು ತಪ್ಪಿಸಿಕೊಳ್ಳಲು ಮುಖ ಬೇರೆ ಕಡೆಗೆ ತಿರುಗಿಸಿಕೊಂಡಿದ್ದಳು. ನಾನು ರಸ್ತೆ ದಾಟಿದೆ. ಅವಳ ಬೆನ್ನ ಕಡೆಗಿದ್ದ ಹೂವಿನ ಅಂಗಡಿಯ ಪಕ್ಕಕ್ಕೆ ಹೋದೆ. ಇನ್ನು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ಇಡುವ ಬದಲು ನಾನೇನು ಮಾಡಿದೆ ಗೊತ್ತೇ? ಜೇಬಿನಿಂದ ಫೋನ್ ತೆಗೆದು ಅವಳಿಗೆ ಕರೆ ಮಾಡಿದೆ. ಅವಳಿಗೆ ನಿಜವಾಗಿಯೂ ಗೊತ್ತಾಗಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು. ಗೊತ್ತಾಗಿರದಿರಲಿ ಎಂದು ದೇವರನ್ನು ಬೇರೆ ಬೇಡಿಕೊಂಡೆ, ಬಟ್ಟಲಿನ ಸಾಂಬಾರು ನೋಡಿದ ಮೇಲೂ.

ಬ್ಯಾಗಿನೊಳಗೆ ಫೋನ್ ಬಡಿದುಕೊಂಡಿತು. ಅಕ್ಕ ತಡವಿ ಹೊರತೆಗೆದು, ಬೆರಳಿನಿಂದಲೇ ಗುಂಡಿ ಹುಡುಕಿ ಒತ್ತಿದಳು.

"ಶೀನಾ? ಹೇಳೋ."

"ಏನಿಲ್ಲ ಅಕ್ಕ. ಹಂಗೇ ಮಾಡ್ದೆ."

"ಹೊರನಾಡಲ್ಲಿ ರಶ್ ಇದ್ಯಾ?"

ಅವಳ ದನಿ ಫೋನಿನಲ್ಲೂ ಕೇಳುತ್ತಿತ್ತು, ಎದುರಿನಿಂದಲೂ ಕೇಳುತ್ತಿತ್ತು. ಬಲೂನಿನವನು ಪೀಪಿ ಊದಿದರೆ ಎರಡೂ ಕಿವಿಗೆ ಒಟ್ಟಿಗೆ ಬೀಳುತ್ತಿತ್ತು. ಅವಳಿಗೂ ಹಾಗೇ ಬಿದ್ದಿರಬೇಕು.

"ಇದೆ ಅಕ್ಕ. ತುಂಬಾ ರಶ್ಶು."

"ಊಟ ಆಯ್ತಾ?"

"ಈಗ ಕೂತ್ಕೋತಾ ಇದೀವಿ."

"ಜಾಗ ಸಿಕ್ತಾ?"

"ಸಿಕ್ತು" ಅಂದೆ.

"ಸಿಕ್ತಲ್ಲ, ಸಾಕು. ಹೋಗು, ಆರಿ ಹೋಗುತ್ತೆ." ಫೋನ್ ಇಟ್ಟಳು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಹಿಂದಿನಿಂದ ಗಿರೀಶ ಬಂದು ಭುಜ ಹಿಡಿದ. "ಏನ್ ಭಾವ ಇಲ್ಲಿ ನಿಂತಿದೀರಿ? ದೋಸೆ ಬಂತು, ನಿಮ್ ಕುರ್ಚಿ ಹಿಂದೆ ಇನ್ಯಾರೋ ನಿಂತಿದಾರೆ." ನಾನು ಅವನ ಜೊತೆ ವಾಪಸು ಹೋದೆ. ಕೂತೆ. ದೋಸೆ ತಿಂದೆ. ಇಷ್ಟು ಹೊತ್ತು ಹೋಟೆಲು, ಲಂಗ, ಛತ್ರ ಎಂದು ಸುತ್ತಿದ್ದೆನಲ್ಲ, ಈ ಒಂದು ಮಾತು ಹೇಳುವುದನ್ನು ಮುಂದೂಡುವುದಕ್ಕೇ. ದೋಸೆ ತಿಂದೆ, ಕಾಫಿಯನ್ನೂ ಕುಡಿದೆ. ಆಚೆ ಬಂದಾಗ ಮೆಟ್ಟಿಲು ಖಾಲಿಯಿತ್ತು.

ನನ್ನನ್ನು ನಾನು ಕೆಟ್ಟವನೆಂದು ಅಂದುಕೊಂಡಿರಲಿಲ್ಲ. ಜಿಪ್ಪಿನ ಒಂದು ಹಲ್ಲು ಮುರಿದಿದ್ದರೂ ಗಿರಾಕಿಗೆ ತೋರಿಸಿ ಹೇಳುವವನು ನಾನು. ಅಂಥವನು ಹತ್ತು ಹೆಜ್ಜೆ ಇಡಲಿಲ್ಲ. ಈಗಲೂ ಸೂಜಿಗೆ ದಾರ ಪೋಣಿಸುತ್ತ ಕೂತಾಗ ಇದ್ದಕ್ಕಿದ್ದ ಹಾಗೆ ನೆನಪಾಗಿ ಕೈ ನಿಂತುಬಿಡುತ್ತದೆ. ಅದು ನಾನೇ ಏನು ಎಂದು ಗಾಬರಿಯಾಗುತ್ತದೆ.

ಸರಳಳಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅತ್ತಿಗೆ ಕುಂಕುಮ ಕೇಳಿದ್ರಲ್ಲ, ಅದನ್ನೇನು ಗಾಂಧಿ ಬಜಾರಲ್ಲೇ ತಗೋತೀರಾ?" ಅಂದಳು.

ನಿಜ ಹೇಳುತ್ತೇನೆ, ಆ ಯೋಚನೆಯೂ ನನಗೆ ಬಂದಿತ್ತು. ಆಮೇಲೆ ನನಗೇ ಹೇಸಿಗೆಯಾಗಿ, ರಜವೆಲ್ಲ ಮುಗಿದು ಬಸ್ಸುಗಳು ಖಾಲಿಯಾದ ಮೇಲೆ, ಒಬ್ಬನೇ ಹೊರನಾಡಿಗೆ ಹೋದೆ. ಹೇಳಿದ ಸುಳ್ಳನ್ನು ಒಂದು ತಿಂಗಳು ತಡವಾಗಿ ನಿಜ ಮಾಡಲು ಹೊರಟ ಮನುಷ್ಯ ನಾನೊಬ್ಬನೇ ಇರಬೇಕು. ದರ್ಶನವಾಯಿತು. ಊಟಕ್ಕೆ ಪಂಕ್ತಿಯಲ್ಲಿ ಕೂತೆ. ಕೂತ ಮೇಲೆ ನೋಡಿಕೊಳ್ಳುತ್ತೇನೆ, ಹೆಗಲ ಟವೆಲ್ಲನ್ನು ಪಕ್ಕದ ಜಾಗದಲ್ಲಿ ಹರಡಿಬಿಟ್ಟಿದ್ದೇನೆ. ಬಡಿಸುವವರು ಬಂದು, "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದರು. ಇಲ್ಲ ಎಂದು ಟವೆಲ್ ಎಳೆದುಕೊಂಡೆ.

ಅಲ್ಲಿಂದ ಬಂದ ಮಾರನೆಯ ದಿನ ಬೆಳಗಿನ ರೈಲಿಗೆ ಗೌರಿಬಿದನೂರು. ಅಕ್ಕನ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅವಳು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು, ಒಂದು ಕಣ್ಣಿಗೆ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಯಾರು ಕರೆದುಕೊಂಡು ಹೋಗಿದ್ದರು ಎಂದು ಕೇಳುವ ಮುಖ ನನಗಿರಲಿಲ್ಲ. ಕುಂಕುಮದ ಪೊಟ್ಟಣ ಕೈಯಲ್ಲಿಟ್ಟೆ. ಕಣ್ಣಿಗೊತ್ತಿಕೊಂಡು, ಹಣೆಗಿಟ್ಟುಕೊಂಡಳು.

"ಯಾವಾಗ ಹೋಗಿದ್ದೆ?"

"ಮೊನ್ನೆ."

"ರಜದಲ್ಲೇ ಹೋಗಿದ್ಯಲ್ಲ?"

ಅವಳೇ ಒಂದು ಬಾಗಿಲು ತೆರೆದಿಟ್ಟಿದ್ದಳು. ಹೌದು, ಇದು ಎರಡನೇ ಸಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ಅದನ್ನೂ ಒಪ್ಪಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಅದೇ ನನ್ನನ್ನು ಹೆದರಿಸಿದ್ದು.

"ಇಲ್ಲ ಅಕ್ಕ. ರಜದಲ್ಲಿ ನಿನ್ನ ಕುರ್ಚಿ ಹಿಂದೆ ನಿಂತಿದ್ದೆ."

ಅಕ್ಕ ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

"ಗೊತ್ತು ಕಣೋ. ನೀನು ಕೆಮ್ಮಿದಾಗ್ಲೇ ಗೊತ್ತಾಯ್ತು. ಅಪ್ಪನ ಕೆಮ್ಮೇ ಅದು."

"ಮತ್ತೆ ಯಾಕೆ ತಿರುಗ್ಲಿಲ್ಲ?"

"ತಿರುಗಿದ್ರೆ ನೀನೇನ್ ಮಾಡ್ತಿದ್ದೆ? ಅಷ್ಟು ಜನರ ಮುಂದೆ, ಸರಳನ ತಮ್ಮನ ಮುಂದೆ." ಅಕ್ಕಿಯನ್ನು ಒಂದು ಕಡೆಗೆ ಸರಿಸಿದಳು. "ನಾನೇನ್ ನಿನ್ನ ಹಿಡಿಯೋಕೆ ಬಂದಿರ್ಲಿಲ್ಲ. ನೀವಿನ್ನೂ ಹೊರಟಿಲ್ದಿದ್ರೆ ಸಿಗ್ಲಿ ಅಂತ ಕಣ್ಣಾಸ್ಪತ್ರೆಯಿಂದ ನಿನ್ ಅಂಗಡಿ ಹತ್ರ ಬಂದೆ. ಬಾಗಿಲು ಹಾಕಿತ್ತು. ಹೋಗಿದಾರೆ ಪಾಪ, ಒಳ್ಳೇ ದರ್ಶನ ಆಗ್ಲಿ ಅಂದ್ಕೊಂಡೆ. ಹಸಿವಾಗಿತ್ತು, ಒಳಗೆ ಹೋದೆ. ಕಣ್ಣಿಗೆ ಡ್ರಾಪ್ಸ್ ಹಾಕಿದ್ರು ನೋಡು, ಹತ್ತಿರದ್ದೆಲ್ಲ ಮಂಜು ಮಂಜು. ದೋಸೆ ಎಲ್ಲಿದೆ, ಚಟ್ನಿ ಎಲ್ಲಿದೆ ಒಂದೂ ಕಾಣ್ತಿರ್ಲಿಲ್ಲ. ಅದಕ್ಕೇ ಅಷ್ಟು ನಿಧಾನ ಆಯ್ತು. ನಿನ್ನ ಕಾಯಿಸ್ಬಿಟ್ಟೆ."

ಅವಳು ನನಗೆ ಸಮಾಧಾನ ಹೇಳುತ್ತಿದ್ದಳು. ತಾನು ತಡ ಮಾಡಿದ್ದಕ್ಕೆ ಕಾರಣ ಕೊಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ. ಕಣ್ಣು ಕಾಣದವಳು ಆ ಸಂತೆಯಲ್ಲಿ ಒಬ್ಬಳೇ ರಸ್ತೆ ದಾಟಿದ್ದಳು. ಎರಡು ಸಲ.

"ಬೈದಾದ್ರೂ ಬೈಯಿ ಅಕ್ಕ" ಅಂದೆ.

"ಬೈಯೋಕೇನು, ಬೈತೀನಿ. ಬ್ಯಾಗ್ ಯಾಕೋ ಒದ್ದೆ? ಒಳಗೆ ನಿಮಗೆ ಅಂತ ಚಕ್ಕುಲಿ ಇತ್ತು. ಎಲ್ಲ ಪುಡಿಯಾಗಿತ್ತು." ಇಷ್ಟು ಹೇಳಿ ಎದ್ದಳು. "ಮತ್ತೆ ಆ ದೋಸೆ. ಇಷ್ಟು ವರ್ಷ ಏನೇನೋ ಅಂದ್ಕೊಂಡಿದ್ದೆ. ಅಂಥದ್ದೇನಿಲ್ಲ ಕಣೋ. ಗೋಡೆ ಆಚೆ ನಿಂತಾಗ್ಲೇ ಚೆನ್ನಾಗಿತ್ತು. ಬಾ, ಊಟ ಮಾಡು."

ಅಡುಗೆಮನೆಯಲ್ಲಿ ಮಣೆ ಹಾಕಿದಳು. ಮುಚ್ಚಳ ತೆಗೆದು, "ಥೂ, ಬದನೆಕಾಯಿ ಹುಳಿ ಮಾಡಿದೀನಿ. ನೀನು ಬರ್ತೀಯ ಅಂತ ಯಾರಿಗ್ಗೊತ್ತಿತ್ತು" ಅಂದಳು. ನನ್ನ ಎದುರು ಕೂತು, ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಚಮಚದಲ್ಲಿ ಹೋಳುಗಳನ್ನು ಒಂದೊಂದಾಗಿ ತೆಗೆದು ಬೇರೆ ತಟ್ಟೆಗೆ ಹಾಕಿದಳು. ತಿಳಿಯನ್ನು ನನಗೆ ಬಡಿಸಿ, ತಟ್ಟೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

ನಾನು ತಲೆ ಬಗ್ಗಿಸಿ ಗಬಗಬನೆ ನುಂಗುತ್ತಿದ್ದೆ. ಬೇಗ ಮುಗಿಸಿ ಏಳಬೇಕು, ಅವಳ ಮುಂದೆ ಕೂತಿರಲಾರೆ ಅನ್ನಿಸುತ್ತಿತ್ತು. ಅಕ್ಕ ಲೋಟಕ್ಕೆ ನೀರು ಬಗ್ಗಿಸಿ ಮುಂದಿಟ್ಟಳು.

"ನಿಧಾನಕ್ಕೆ ತಿನ್ನೋ ಶೀನಾ. ಹಿಂದೆ ಯಾರೂ ನಿಂತಿಲ್ಲ."

ಆದರೂ ನಾನು ಒಂದು ಸಲ ತಿರುಗಿ ನೋಡಿದೆ.